ಗೋಡೆಯ ಬೂಷ್ಟು: ನಾವೇ ಒರೆಸಿದರೆ ಸಾಕಾ, ಕೆಲಸದವರನ್ನು ಕರೆಸಲೇಬೇಕಾ?

ಕಡಲತಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಐದು ಮಹಡಿಯ ಕಟ್ಟಡ, ಮೂರನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್. ಬಿಲ್ಡರ್ ಕೀಲಿ ಕೊಟ್ಟು ನಾಲ್ಕು ವರ್ಷ ಎರಡು ತಿಂಗಳಾಯಿತು. ಈ ಮಳೆಗಾಲದಲ್ಲಿ ಮೂರು ಜಾಗದಲ್ಲಿ ತೊಂದರೆ ಕಾಣಿಸಿಕೊಂಡಿದೆ.

1. ದೊಡ್ಡ ಬೆಡ್‌ರೂಮಿನ ಪಶ್ಚಿಮದ ಹೊರಗೋಡೆ. ವಾರ್ಡ್‌ರೋಬ್ ಎಳೆದು ನೋಡಿದರೆ ಅದರ ಹಿಂದೆ 4 ಅಡಿ ಎತ್ತರ, 3 ಅಡಿ ಅಗಲಕ್ಕೆ ಸಾಸಿವೆ ಸಿಡಿದ ಹಾಗೆ ಕಪ್ಪು ಚುಕ್ಕೆಗಳು. ಪೈಂಟ್ ಮಾತ್ರ ಎಲ್ಲೂ ಎದ್ದಿಲ್ಲ. ರಾತ್ರಿ ಎಸಿ 20ರಲ್ಲಿ ಓಡುತ್ತದೆ.

2. ಹಾಲ್‌ನ ಜಿಪ್ಸಂ ಫಾಲ್ಸ್ ಸೀಲಿಂಗ್‌ನಲ್ಲಿ ಊಟದ ತಟ್ಟೆಯಷ್ಟಗಲ ಚಹಾ ಬಣ್ಣದ ಕಲೆ. ಬೂಷ್ಟು ಕಣ್ಣಿಗೆ ಬೀಳುವುದಿಲ್ಲ, ಆದರೆ ಹಾಲ್‌ಗೆ ಕಾಲಿಟ್ಟ ಕೂಡಲೇ ಒದ್ದೆ ಗೋಣಿಚೀಲದ ವಾಸನೆ.

3. ಚಿಕ್ಕ ಬೆಡ್‌ರೂಮಿನಲ್ಲಿ ಬಾತ್‌ರೂಮಿಗೆ ತಾಗಿದ ಗೋಡೆ. ಸ್ಕರ್ಟಿಂಗ್‌ನಿಂದ ಮೇಲಕ್ಕೆ ಒಂದು ಅಡಿ ಪೈಂಟ್ ಗುಳ್ಳೆ ಎದ್ದು ಪುಟ್ಟಿ ಉದುರುತ್ತಿದೆ. ಬಿಳಿ ಪುಡಿ ಇದೆ, ಕಪ್ಪು ಇಲ್ಲ.

ಅಮ್ಮನಿಗೆ ಆಸ್ತಮಾ, ದಿನವೂ ಇನ್‌ಹೇಲರ್. ಮೋಲ್ಡ್ ಟ್ರೀಟ್‌ಮೆಂಟ್ ಮಾಡುವವರೊಬ್ಬರು ಬಂದು ನೋಡಿ, ಗಾಳಿಯ ಲ್ಯಾಬ್ ಪರೀಕ್ಷೆ, ಇಡೀ ಮನೆಗೆ ಫಾಗಿಂಗ್ (ಔಷಧಿಯ ಮಂಜು ಹಾರಿಸುವುದು), ಆಮೇಲೆ ಆಂಟಿಫಂಗಲ್ ಕೋಟಿಂಗ್ ಎಂದು ಚದರ ಅಡಿ ಲೆಕ್ಕದಲ್ಲಿ ರೇಟು ಕೊಟ್ಟಿದ್ದಾರೆ. ಅವರ ಪ್ರಕಾರ ಒಂದನೆಯದೇ ಅಪಾಯ, ಮೂರನೆಯದಕ್ಕೆ ಒಂದು ಕೈ ಪೈಂಟ್ ಸಾಕು. ಯಾವುದನ್ನು ನಾವೇ ಮಾಡಬಹುದು, ಯಾವುದಕ್ಕೆ ಜನ ಬೇಕು?

---

ಗಾರೆಕೋಲು ಉತ್ತರ:

ಅವರ ಪಟ್ಟಿಯನ್ನು ತಲೆಕೆಳಗೆ ಹಿಡಿದು ಓದಿ. ನೋಡಲು ಭಯಂಕರವಾದ ಒಂದನೆಯದು ಬಹುಶಃ ನಿಮ್ಮ ಕೈಯಲ್ಲೇ ಮುಗಿಯುವಂಥದ್ದು. ಕಪ್ಪೇ ಇಲ್ಲದ ಮೂರನೆಯದು ಜೇಬಿಗೆ ಭಾರ. ಏನೂ ಕಾಣದ ಎರಡನೆಯದಕ್ಕೇ ಬೂಷ್ಟಿನ ಕೆಲಸ ಗೊತ್ತಿರುವವರು ಬೇಕಾಗಬಹುದು.

ಬೂಷ್ಟಿನ ಬೀಜಕಣ ಎಲ್ಲ ಮನೆಯ ಗಾಳಿಯಲ್ಲೂ ಇರುತ್ತದೆ, ಅದನ್ನು ಸೊನ್ನೆ ಮಾಡಲು ಆಗುವುದಿಲ್ಲ. ನಮ್ಮ ಹಿಡಿತದಲ್ಲಿರುವುದು ನೀರು ಮಾತ್ರ. ನೀರು ಎಲ್ಲಿಂದ ಬಂತು ಅಂತ ಹೇಳದೆ ಕೋಟಿಂಗ್ ರೇಟು ಕೊಡುವವರಿಗೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ.

ನೀರಿನ ಮೂಲ ಹಿಡಿಯಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ.

ಒಂದನೆಯ ಗೋಡೆಗೆ ಫಾಯಿಲ್ ಪರೀಕ್ಷೆ. ಚುಕ್ಕೆ ಇಲ್ಲದ, ಆದರೆ ಅದೇ ಗೋಡೆಯ ಜಾಗ ಆರಿಸಿ ಒಣಬಟ್ಟೆಯಲ್ಲಿ ಒರೆಸಿ. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಒಂದೂವರೆ ಅಡಿ ಚೌಕ ಕತ್ತರಿಸಿ, ನಾಲ್ಕೂ ಅಂಚಿಗೆ ಗಾಳಿ ನುಸುಳದಂತೆ ಟೇಪ್ ಹಾಕಿ. 24 ಗಂಟೆ ಬಿಡಿ, ಆ ರಾತ್ರಿ ಎಸಿ ಎಂದಿನಂತೆ ಓಡಲಿ. ಬೆಳಿಗ್ಗೆ ಎಸಿ ನಿಲ್ಲಿಸಿ ಕಿಟಕಿ ತೆರೆದು ಹದಿನೈದು ನಿಮಿಷ ಬಿಟ್ಟು ನೋಡಿ. ಫಾಯಿಲ್‌ನ ಕೋಣೆಯ ಕಡೆಯ ಮುಖ ಬೆವರಿದ್ದರೆ ಅದು ಗಾಳಿಯ ತೇವ. ಬಿಡಿಸಿದಾಗ ಗೋಡೆಯ ಕಡೆ ಒದ್ದೆಯಿದ್ದರೆ ನೀರು ಗೋಡೆಯೊಳಗಿಂದ ಒಸರುತ್ತಿದೆ, ಹೊರಗಿನ ಬಿರುಕು, ಸಜ್ಜಾ, ಕಿಟಕಿ ಚೌಕಟ್ಟಿನ ಸಂದು ನೋಡಬೇಕು. ಹೊರಗೋಡೆ ಸಾಮಾನ್ಯ ಭಾಗ, ಆಗ ಅಸೋಸಿಯೇಷನ್‌ಗೆ ಬರೆಯಿರಿ.

ಹಾಲ್‌ಗೆ: ಮೊದಲು ಆ ಸರ್ಕ್ಯೂಟಿನ ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್) ಆಫ್ ಮಾಡಿ, ಆಮೇಲೆ ಕಲೆಗೆ ಹತ್ತಿರದ ಡೌನ್‌ಲೈಟ್ ಬಿಚ್ಚಿ. ತೂತಿನಿಂದ ಫೋನ್ ಒಳಗೆ ತೂರಿಸಿ ಫ್ಲ್ಯಾಶ್ ಹಾಕಿ ನಾಲ್ಕೂ ದಿಕ್ಕಿಗೆ ವಿಡಿಯೊ ತೆಗೆಯಿರಿ. ಜಿಪ್ಸಂ ಬೋರ್ಡಿನ ಎರಡೂ ಮುಖಕ್ಕೆ ಕಾಗದ ಅಂಟಿಸಿರುತ್ತಾರೆ, ಕಾಗದ ಅಂದರೆ ಬೂಷ್ಟಿಗೆ ಹಬ್ಬದೂಟ. ಕೆಳಮುಖ ಬೆಳ್ಳಗಿದ್ದು ಮೇಲ್ಮುಖ ಪೂರ್ತಿ ಕಪ್ಪಾಗಿರುವುದು ಮಾಮೂಲಿ. ಬಗ್ಗಿ ಮುಖ ತೂರಿಸಬೇಡಿ, ಫೋನ್ ಸಾಕು. ಮಾಸ್ಕ್ ಇರಲಿ.

ಮೂರನೆಯ ಗೋಡೆಗೆ: ಒದ್ದೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಆ ಬಾತ್‌ರೂಮನ್ನು ಒಂದು ವಾರ ಬೀಗ ಹಾಕಿ ಇನ್ನೊಂದನ್ನು ಬಳಸಿ. ಒದ್ದೆ ಕುಗ್ಗಿದರೆ ಸ್ನಾನದ ನೀರು ಟೈಲ್ಸ್ ಸಂದಿನಿಂದಲೋ ನಹಾನಿ ಟ್ರ್ಯಾಪ್ (ನೆಲದ ನೀರು ಹೋಗುವ ಜಾಲರಿ ಬಾಯಿ) ಬದಿಯಿಂದಲೋ ಇಳಿಯುತ್ತಿದೆ. ಬಳಸದಿದ್ದರೂ ಹಾಗೇ ಇದ್ದರೆ ಗೋಡೆಯೊಳಗಿನ ಸಪ್ಲೈ ಪೈಪ್ ಸೋರುತ್ತಿರಬಹುದು, ಪ್ಲಂಬರ್ ಹತ್ತಿರ ಪ್ರೆಶರ್ ಟೆಸ್ಟ್ ಮಾಡಿಸಿ. ಪಂಪಿನಿಂದ ಒತ್ತಡ ಕೊಟ್ಟು ಎಲ್ಲ ನಲ್ಲಿ ಬಂದ್ ಮಾಡಿದ ಮೇಲೆ ಒಂದು ಗಂಟೆ ಒತ್ತಡದ ಮೀಟರಿನ ಮುಳ್ಳು ಇಳಿಯಬಾರದು.

ಆ ಬಿಳಿ ಪುಡಿ ಬೂಷ್ಟಲ್ಲ. ಒಂದು ಚಿಟಿಕೆ ನೀರಿಗೆ ಹಾಕಿ, ಹೆಚ್ಚಿನದು ಕರಗಿದರೆ ಅದು ಇಟ್ಟಿಗೆ ಸಿಮೆಂಟಿನಿಂದ ನೀರು ಹೊತ್ತು ತಂದ ಉಪ್ಪು. ಉಪ್ಪು ಹಿಡಿದ ಕಡೆ ಬೂಷ್ಟು ಅಷ್ಟಾಗಿ ಬೆಳೆಯುವುದಿಲ್ಲ. ಅಲ್ಲಿ ಕಪ್ಪು ಕಾಣದಿರುವುದಕ್ಕೆ ಕಾರಣ ಅದೇ, ಗೋಡೆ ಒಣಗಿದೆ ಅಂತಲ್ಲ.

---

ರಸಾಯನ ಮೇಷ್ಟ್ರು ಉತ್ತರ:

‘ಎಷ್ಟು ದೊಡ್ಡದಾದರೆ ಜನ ಕರೆಸಬೇಕು’ ಎನ್ನುವುದಕ್ಕೆ ಎಲ್ಲ ಕಡೆ ಓಡಾಡುವ ಅಂಕೆ 10 ಚದರ ಅಡಿ. ಅದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳಿದ್ದು. ನಮ್ಮ ಏಳು ಅಡಿ ಎತ್ತರದ ಬಾಗಿಲಿನ ಸುಮಾರು ಅರ್ಧ ಅಂದುಕೊಳ್ಳಿ. ಆದರೆ ಅವರ ಮನೆಗಳ ಗೋಡೆ ಮರದ ಚೌಕಟ್ಟಿಗೆ ಹೊಡೆದ ಕಾಗದದ ಬೋರ್ಡು, ಒಳಗೆ ಟೊಳ್ಳು. ಹೊರಗೆ 10 ಚದರ ಅಡಿ ಕಂಡರೆ ಒಳಗಿನ ಟೊಳ್ಳಿನಲ್ಲಿ ಇನ್ನೆಷ್ಟೋ. ನಮ್ಮದು ಬ್ಲಾಕು, ಸಿಮೆಂಟ್ ಗಾರೆ, ಪುಟ್ಟಿ, ಪೈಂಟು. ಬೂಷ್ಟು ತಿನ್ನುವುದು ಪೈಂಟು, ಪುಟ್ಟಿಯಲ್ಲಿನ ಅಂಟು ಮತ್ತು ಮೇಲೆ ಕೂತ ಧೂಳನ್ನು. ಹಾಗಾಗಿ ಪೈಂಟ್ ಗಟ್ಟಿಯಿರುವ ಗಾರೆ ಗೋಡೆಯಲ್ಲಿ 12 ಚದರ ಅಡಿ ಚುಕ್ಕೆಗೆ ಹೆದರುವುದಕ್ಕಿಂತ, ಫಾಲ್ಸ್ ಸೀಲಿಂಗಿನ ಎರಡು ಚದರ ಅಡಿಗೆ ಹೆಚ್ಚು ಹೆದರಿ. ಬರೀ ಅಳತೆ ನೋಡಬೇಡಿ, ಏನರ ಮೇಲೆ ಬೆಳೆದಿದೆ ನೋಡಿ.

ಇನ್ನು ಒರೆಸುವುದು. ಒಂದನೆಯ ಗೋಡೆಗೆ ಬೇಕಾದದ್ದು: ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಸ್ಪ್ರೇ ಬಾಟಲಿ, ಹಳೇ ಕಾಟನ್ ಬಟ್ಟೆ ಹತ್ತಿಪ್ಪತ್ತು ತುಂಡು, ಎರಡು ಬಕೆಟ್, ಎನ್95 ಮಾಸ್ಕ್, ರಬ್ಬರ್ ಗ್ಲೌಸ್, ಕಣ್ಣಿಗೆ ಬದಿಯಲ್ಲಿ ತೂತಿಲ್ಲದ ಗಾಗಲ್. ಸರ್ಜಿಕಲ್ ಮಾಸ್ಕ್ ಈ ಕೆಲಸಕ್ಕೆ ಬಾರದು.

ಫ್ಯಾನು, ಎಸಿ ನಿಲ್ಲಿಸಿ, ಬಾಗಿಲು ಹಾಕಿ, ಬಾಗಿಲಡಿಯ ಸಂದಿಗೆ ಒದ್ದೆ ಟವಲ್, ಕಿಟಕಿ ತೆರೆದಿರಲಿ. ಮೊದಲು ಸ್ಪ್ರೇ ಮಾಡಿ ಚುಕ್ಕೆಗಳನ್ನು ನೆನೆಸಿ. ಒಣಗಿದ್ದನ್ನು ಉಜ್ಜಿದರೆ ಬೀಜಕಣ ಕೋಣೆಯಿಡೀ ಹಾರುತ್ತದೆ, ಬಾರಿಗೆಯೂ ಬೇಡ, ಸಾದಾ ವ್ಯಾಕ್ಯೂಮ್ ಕ್ಲೀನರೂ ಬೇಡ, ಅದು ಹಿಂದಿನಿಂದ ಎಲ್ಲವನ್ನೂ ಊದಿಬಿಡುತ್ತದೆ. ಐದು ನಿಮಿಷ ಬಿಟ್ಟು ಹೊರಗಿನಿಂದ ಒಳಕ್ಕೆ ಒರೆಸಿ. ಒಂದು ಬಟ್ಟೆಯ ಒಂದು ಮುಖ ಒಂದೇ ಸಲ. ಕೊಳಕಾದ ಬಟ್ಟೆಯನ್ನು ಅಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ, ಆಮೇಲೆ ಪೆಡೆಸ್ಟಲ್ ಫ್ಯಾನ್. ವಾರ್ಡ್‌ರೋಬಿನ ಹಿಂದಿನ ತೆಳು ಪ್ಲೈವುಡ್ ಹಲಗೆಯನ್ನೂ ನೋಡಿ, ಪದರ ಬಿಟ್ಟಿದ್ದರೆ ಹಲಗೆ ಬದಲಿಸುವುದೇ ಸರಿ, ಒರೆಸಿ ಪ್ರಯೋಜನವಿಲ್ಲ.

---

ಮಲ್ನಾಡ್ ಮನೆ ಉತ್ತರ:

ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ಒಂದೇ ಸಲಕ್ಕೆ ಹೋಗ್ತದಲ್ಲ ಮೇಷ್ಟ್ರೆ, ಸೋಪಿನ ನೀರು ಯಾಕೆ? ವಿನೆಗರ್ ಒಳ್ಳೇದು ಅಂತಲೂ ಹೇಳ್ತಾರೆ.

---

ರಸಾಯನ ಮೇಷ್ಟ್ರು ಉತ್ತರ:

ಬ್ಲೀಚ್ ಬಣ್ಣ ತೆಗೆಯುತ್ತದೆ, ಅದಕ್ಕೇ ಹೋದಂತೆ ಕಾಣುವುದು. ಟೈಲ್ಸ್, ಗಾಜು, ಗ್ಲೇಜ್ ಸಿಂಕ್ ಮೇಲೆ ಸರಿ. ಗಾರೆ, ಮರದಂಥ ನೀರು ಹೀರುವ ವಸ್ತುವಿನಲ್ಲಿ ಅದರ ಕ್ಲೋರಿನ್ ಮೇಲ್ಮೈಯಲ್ಲೇ ಮುಗಿದುಹೋಗಿ, ನೀರು ಮಾತ್ರ ಒಳಗಿಳಿಯುತ್ತದೆ. ಸತ್ತ ಬೂಷ್ಟೂ ಅಲರ್ಜಿ ಮಾಡುತ್ತದೆ, ಹಾಗಾಗಿ ಕೊಂದರೆ ಸಾಲದು, ಕಿತ್ತು ಹೊರಹಾಕಬೇಕು. ಫಾಗಿಂಗ್ ಮೇಲೂ ನನ್ನ ತಕರಾರು ಇದೇ. ಮಂಜು ಹಾರಿಸಿ ಹೋಗುತ್ತಾರೆ, ಬೂಷ್ಟು ಅಲ್ಲೇ ಕೂತಿರುತ್ತದೆ.

ಟೈಲ್ಸ್ ಸಂದಿಗೆ ಬಳಸುವುದಾದರೆ, 5 ಶೇಕಡದ ಹೈಪೊಕ್ಲೋರೈಟ್ ದ್ರಾವಣ ಲೀಟರ್ ನೀರಿಗೆ 60 ಮಿ.ಲೀ. ಮೀರಬೇಡಿ. ಪುಡಿಯಾದರೆ ಲೀಟರಿಗೆ ಸುಮಾರು 10 ಗ್ರಾಂ, ಕಲಸಿ ಅರ್ಧ ಗಂಟೆ ಬಿಟ್ಟು ಮೇಲಿನ ತಿಳಿನೀರು ಮಾತ್ರ. ತಳದ ಸುಣ್ಣ ಬಿಳಿ ಕಲೆ ಮಾಡುತ್ತದೆ. ತೆರೆದಿಟ್ಟ ಹಳೇ ಪೊಟ್ಟಣದ ಪುಡಿಯಲ್ಲಿ ಕಸುವಿರುವುದಿಲ್ಲ. ಹತ್ತು ನಿಮಿಷ ಬಿಟ್ಟು ತೊಳೆಯಿರಿ.

ಬಾತ್‌ರೂಮಿನಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ಒಂದಿದೆ: ಬ್ಲೀಚಿಂಗ್ ಪೌಡರ್ ಉದುರಿಸಿ ಅದರ ಮೇಲೆ ಟಾಯ್ಲೆಟ್ ಕ್ಲೀನರ್ ಅಥವಾ ಟೈಲ್ಸ್ ಆಸಿಡ್ ಸುರಿಯುವುದು. ಅವೆರಡರಲ್ಲೂ ಸಾಮಾನ್ಯವಾಗಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ, ಸೇರಿದ ಕ್ಷಣ ಕ್ಲೋರಿನ್ ಅನಿಲ. ವಿನೆಗರ್ ಸೇರಿಸಿದರೂ ಅದೇ ಕಥೆ, ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿಸಿದರೆ ಕ್ಲೋರಮೀನ್ ಎಂಬ ವಿಷಾನಿಲ. ಆಸ್ತಮಾ ಇರುವವರಿಗೆ ಗೋಡೆಯ ಬೂಷ್ಟಿಗಿಂತ ಇದು ಬೇಗ ಆಸ್ಪತ್ರೆಯ ದಾರಿ ತೋರಿಸುತ್ತದೆ. ವಿನೆಗರ್ ಒಂದೇ ಬಳಸುವುದಾದರೂ ಮಾರ್ಬಲ್, ಕಡಪ ಕಲ್ಲು, ಸುಣ್ಣದ ಗೋಡೆಯ ಹತ್ತಿರ ತರಬೇಡಿ, ಅವನ್ನು ತಿನ್ನುತ್ತದೆ.

---

ಶ್ವಾಸಕೋಶ ವಿಭಾಗ ಉತ್ತರ:

ಒರೆಸುವುದು ಯಾರು ಎನ್ನುವುದೂ ಮುಖ್ಯ. ಅಮ್ಮ ಆ ಕೆಲಸ ಮಾಡಬಾರದು, ಆ ಹೊತ್ತಿನಲ್ಲಿ ಕೋಣೆಯಲ್ಲೂ ಇರಬಾರದು. ಕೀಮೋಥೆರಪಿ ಆಗುತ್ತಿರುವವರು, ಅಂಗಾಂಗ ಕಸಿ ಆದವರು, ದೀರ್ಘಕಾಲ ಸ್ಟೆರಾಯ್ಡ್ ಮಾತ್ರೆ ತಿನ್ನುವವರು, ಸಕ್ಕರೆ ಹತೋಟಿಯಲ್ಲಿಲ್ಲದವರು ಮನೆಯಲ್ಲಿದ್ದರೆ ಚಿಕ್ಕ ಜಾಗವನ್ನೂ ಬೇರೆಯವರಿಂದಲೇ ಮಾಡಿಸಿ.

2021ರಲ್ಲಿ ಕೋವಿಡ್ ಜೊತೆ ‘ಬ್ಲ್ಯಾಕ್ ಫಂಗಸ್’ ಹೆಸರು ಕೇಳಿದ ಮೇಲೆ ಗೋಡೆಯಲ್ಲಿ ಕಪ್ಪು ಕಂಡರೆ ಅದೇ ಇದು ಎಂದು ಜನ ಬೆಚ್ಚುತ್ತಾರೆ. ಆ ಕಾಯಿಲೆ ಮ್ಯೂಕೋರ್ಮೈಕೋಸಿಸ್. ಕಪ್ಪು ಎಂದದ್ದು ಸತ್ತ ಅಂಗಾಂಶದ ಬಣ್ಣಕ್ಕೆ, ಆ ಶಿಲೀಂಧ್ರದ ಬಣ್ಣಕ್ಕಲ್ಲ. ಗೋಡೆಯ ಕಪ್ಪು ಸಾಮಾನ್ಯವಾಗಿ ಕ್ಲ್ಯಾಡೋಸ್ಪೋರಿಯಂ, ಆಸ್ಪರ್ಜಿಲಸ್‌ನಂಥವು. ಬಣ್ಣ ನೋಡಿ ಜಾತಿ ಹೇಳಲು ಆಗುವುದಿಲ್ಲ, ಜಾತಿ ತಿಳಿದರೂ ಮಾಡುವ ಕೆಲಸ ಬದಲಾಗುವುದಿಲ್ಲ.

ಗಾಳಿಯ ಪರೀಕ್ಷೆಗೂ ಇದೇ ಮಾತು. ಗಾಳಿಯಲ್ಲಿ ಇಷ್ಟು ಬೀಜಕಣ ಇದ್ದರೆ ಸುರಕ್ಷಿತ ಎಂದು ಆರೋಗ್ಯದ ಆಧಾರದಲ್ಲಿ ಒಪ್ಪಿತವಾದ ಮಿತಿಯೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೂ ಅಂಥ ಅಂಕೆ ಕೊಡಲಿಲ್ಲ, ತೇವ ತಡೆಯಿರಿ ಎಂದಿತು. ಕಣ್ಣಿಗೆ ಕಾಣುತ್ತಿರುವಾಗ ರಿಪೋರ್ಟಿಗೆ ದುಡ್ಡು ಯಾಕೆ? ಪರೀಕ್ಷೆ ಮಾಡುವವರೇ ಚಿಕಿತ್ಸೆಯನ್ನೂ ಮಾರುತ್ತಿದ್ದರಂತೂ ಆ ರಿಪೋರ್ಟ್ ಏನು ಹೇಳುತ್ತದೆ ಎಂದು ಮೊದಲೇ ಊಹಿಸಬಹುದು.

ದುಡ್ಡು ಖರ್ಚು ಮಾಡುವುದಿದ್ದರೆ ಅಮ್ಮನ ಮೇಲೆ ಮಾಡಿ. ಇನ್‌ಹೇಲರ್ ಸರಿಯಾಗಿ ತೆಗೆದುಕೊಂಡರೂ ರಾತ್ರಿ ಕೆಮ್ಮು, ಉಬ್ಬಸ ಹತೋಟಿಗೆ ಬರದಿದ್ದರೆ, ಕಂದು ಬಣ್ಣದ ಗಟ್ಟಿ ಕಫ ಬರುತ್ತಿದ್ದರೆ, ಶ್ವಾಸಕೋಶ ತಜ್ಞರಿಗೆ ತೋರಿಸಿ. ಒಟ್ಟು ಐಜಿಇ (ಅಲರ್ಜಿಯಲ್ಲಿ ಏರುವ ಪ್ರತಿಕಾಯ) ಮತ್ತು ಆಸ್ಪರ್ಜಿಲಸ್‌ಗೆ ಸಂಬಂಧಿಸಿದ ಐಜಿಇ ರಕ್ತಪರೀಕ್ಷೆ ಬೇಕೇ ಎಂದು ಅವರು ನಿರ್ಧರಿಸುತ್ತಾರೆ.

---

ಕಡಲತಡಿ ಮತ್ತೆ:

ಎಲ್ಲರಿಗೂ ಧನ್ಯವಾದ. ಒಂಬತ್ತು ದಿನದ ಫಲಿತಾಂಶ ಇಲ್ಲಿದೆ.

ಒಂದನೆಯ ಗೋಡೆ: ಫಾಯಿಲ್‌ನ ಕೋಣೆಯ ಕಡೆ ಬೆವರು, ಗೋಡೆಯ ಕಡೆ ಪೂರ್ತಿ ಒಣ. ಎರಡನೆಯದು: ವಿಡಿಯೊದಲ್ಲಿ ಬೋರ್ಡಿನ ಮೇಲ್ಮುಖ ಸುಮಾರು 5 ಅಡಿ ಉದ್ದ, 3 ಅಡಿ ಅಗಲಕ್ಕೆ ಹಸಿರುಕಪ್ಪು, ಉಣ್ಣೆಯ ಹಾಗೆ. ಸರಿಯಾಗಿ ಅದರ ಮೇಲೆ ಹಾಲ್ ಎಸಿಯ ಡ್ರೈನ್ ಪೈಪ್. ಎಸಿ ಹಾಕದ ಮೂರು ದಿನ ತೊಟ್ಟಿಕ್ಕಲಿಲ್ಲ, ಹಾಕಿದ ಎರಡು ಗಂಟೆಯಲ್ಲಿ ಶುರು. ಮೂರನೆಯದು: ಬಾತ್‌ರೂಮ್ ಮುಚ್ಚಿದ ಏಳು ದಿನದಲ್ಲಿ ಒದ್ದೆ ಪೆನ್ಸಿಲ್ ಗೆರೆಯಿಂದ ಎರಡು ಇಂಚು ಕೆಳಗಿಳಿದಿದೆ.

ಬೆಡ್‌ರೂಮಿಗೆ ಎಷ್ಟು ಗಾಳಿ ಆಡಿಸಬೇಕು? ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ತೆರೆಯುತ್ತೇವೆ.

---

ತೇವಮಾಪಕ ಉತ್ತರ:

ಆ ಕಿಟಕಿಯೇ ಕಾರಣ ಮಾರಾಯ್ರೆ! ಮಳೆಗಾಲದಲ್ಲಿ ಕರಾವಳಿಯ ಹೊರಗಿನ ಗಾಳಿ 27 ಡಿಗ್ರಿ, 90 ಶೇಕಡ ತೇವ ಅಂದುಕೊಳ್ಳಿ. ಆ ಗಾಳಿ 25 ಡಿಗ್ರಿಯ ಯಾವ ವಸ್ತುವಿಗೆ ತಾಗಿದರೂ ನೀರು ಬಿಡುತ್ತದೆ. ರಾತ್ರಿಯಿಡೀ 20ರಲ್ಲಿ ಎಸಿ ಓಡಿಸಿ ಗೋಡೆಯನ್ನು 22ಕ್ಕೆ ತಂದಿಟ್ಟು, ಬೆಳಿಗ್ಗೆ ಕಿಟಕಿ ತೆರೆದರೆ ತಣ್ಣನೆ ಲೋಟದ ಹೊರಗೆ ಹನಿ ಕಟ್ಟಿದ ಹಾಗೆ ಗೋಡೆ ಬೆವರುತ್ತದೆ. ಬಯಲಾಗಿರುವ ಗೋಡೆಯದನ್ನು ಫ್ಯಾನ್ ಒಣಗಿಸುತ್ತದೆ. ವಾರ್ಡ್‌ರೋಬಿನ ಹಿಂದೆ ಯಾವ ಫ್ಯಾನ್? ಚುಕ್ಕೆ ಅಲ್ಲಿ ಮಾತ್ರ ಬಂದಿರುವುದು ಅದಕ್ಕೇ.

‘ಗಾಳಿ ಬೆಳಕು ಬರಲಿ’ ಎಂಬ ಮಾತು ಬೇಸಿಗೆಗೂ ಚಳಿಗಾಲಕ್ಕೂ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೇ ಒದ್ದೆ. ಎಸಿ 26ಕ್ಕೆ ಇಡಿ, ಡ್ರೈ ಮೋಡ್ ಇದ್ದರೆ ಅದನ್ನೇ ಬಳಸಿ. ಬೆಳಿಗ್ಗೆ ಎಸಿ ನಿಲ್ಲಿಸಿ ಫ್ಯಾನ್ ಹಾಕಿ, ಗೋಡೆ ಮಾಮೂಲಿ ಬಿಸಿಗೆ ಬರಲು ಒಂದೆರಡು ಗಂಟೆ ಕೊಟ್ಟು ಆಮೇಲೆ ಕಿಟಕಿ. ವಾರ್ಡ್‌ರೋಬ್ ಗೋಡೆಯಿಂದ 4 ಇಂಚು ದೂರ ಇಡಿ, ಕೆಳಗೂ ಮೇಲೂ ಸಂದು ತೆರೆದಿರಲಿ. ಒಳಗೋಡೆಗೆ ಸರಿಸಲು ಆಗುವುದಾದರೆ ಇನ್ನೂ ಒಳ್ಳೆಯದು.

ಗಾಳಿಯ ತೇವ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ತಂದು ವಾರ್ಡ್‌ರೋಬಿನ ಹಿಂದೆಯೇ ಇಡಿ, ಕೋಣೆಯ ನಡುವೆ ಬೇಡ. ಶೇಕಡ 60ರ ಕೆಳಗೆ ಗುರಿ. ಕರಾವಳಿಯ ಮಳೆಗಾಲದಲ್ಲಿ ಅದು ಕಷ್ಟ, 65ರ ಆಸುಪಾಸಿಗೆ ಇಳಿಸಿದರೂ ಗೆದ್ದಂತೆ. ಮೇಲ್ಮೈಯಲ್ಲಿ ತೇವ 80 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಮತ್ತೆ ಬರುತ್ತದೆ. ಡೀಹ್ಯೂಮಿಡಿಫೈಯರ್ (ಗಾಳಿಯ ತೇವ ಎಳೆಯುವ ಯಂತ್ರ) ಕೊಳ್ಳುವುದಾದರೆ ಒಂದು ಕೋಣೆಗೆ ದಿನಕ್ಕೆ 10ರಿಂದ 12 ಲೀಟರಿನದು ನೋಡಿ. ಡಬ್ಬಿಯ ಮೇಲಿನ ಆ ಅಂಕೆಯನ್ನು ಹೆಚ್ಚಾಗಿ 30 ಡಿಗ್ರಿ, 80 ಶೇಕಡ ತೇವದಲ್ಲಿ ಅಳೆದಿರುತ್ತಾರೆ, ಕೋಣೆ ತಣ್ಣಗಿದ್ದರೆ ಅಷ್ಟು ನೀರು ಬಾರದು. ಓಡುವಾಗ ಬಾಗಿಲು, ಕಿಟಕಿ ಮುಚ್ಚಿರಬೇಕು, ಇಲ್ಲದಿದ್ದರೆ ಅರಬ್ಬಿ ಸಮುದ್ರವನ್ನೇ ಒಣಗಿಸಲು ಹೊರಟಂತೆ. ಕರ್ಪೂರ, ಬೇವಿನೆಲೆ, ನುಸಿಗುಳಿಗೆ ಯಾವುದೂ ತೇವ ಹೀರುವುದಿಲ್ಲ. ಮುಚ್ಚಿದ ಕಪಾಟಿಗೆ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿ ಆಗುತ್ತದೆ, ನೀರು ತುಂಬಿದ ಮೇಲೆ ಚೆಲ್ಲದಂತೆ ತೆಗೆಯಿರಿ, ಅದು ಬಟ್ಟೆ, ಚರ್ಮ, ಲೋಹ ಎಲ್ಲವನ್ನೂ ಕೆಡಿಸುತ್ತದೆ.

---

ಗಾರೆಕೋಲು ಉತ್ತರ:

ಫಾಲ್ಸ್ ಸೀಲಿಂಗ್: 15 ಚದರ ಅಡಿ, ಕಾಗದದ ಮೇಲೆ, ತಲೆಯ ಮೇಲೆ, ಮನೆಯಲ್ಲಿ ಆಸ್ತಮಾ. ಇದನ್ನು ನೀವು ಮುಟ್ಟಬೇಡಿ. ಒರೆಸಿ ಉಳಿಸಿಕೊಳ್ಳುವ ವಸ್ತುವೂ ಅದಲ್ಲ, ಕತ್ತರಿಸಿ ತೆಗೆಯಬೇಕು. ಸಾದಾ ಫಾಲ್ಸ್ ಸೀಲಿಂಗ್ ಕೆಲಸದವರಿಗೆ ಹೇಳಿದರೆ ಒಣಗಿದ್ದನ್ನೇ ಸುತ್ತಿಗೆಯಲ್ಲಿ ಬಡಿದು ಕೆಡವುತ್ತಾರೆ, ಬೂಷ್ಟಿನ ಧೂಳು ಮನೆಯ ಎಲ್ಲ ಹಾಸಿಗೆಗೂ ಹಂಚಿಕೆಯಾಗುತ್ತದೆ. ಅದಕ್ಕೇ ವಿಧಾನ ಗೊತ್ತಿರುವವರು ಬೇಕು. ಕೊಟೇಶನ್‌ನಲ್ಲಿ ಕೆಳಗಿನವು ಬರಹದಲ್ಲಿ ಇರಲಿ.

ಮೊದಲು ಎಸಿ ಮೆಕ್ಯಾನಿಕ್‌ಗೆ ಹೇಳಿಡಬೇಕಾದದ್ದು. ಡ್ರೈನ್ ಪೈಪಿಗೆ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರು, ಎಲ್ಲೂ ಜೋತುಬೀಳದಂತೆ ಕ್ಲ್ಯಾಂಪ್, ಜಾಯಿಂಟಿಗೆ ಸಾಲ್ವೆಂಟ್ ಸಿಮೆಂಟ್. ಎಷ್ಟೋ ಕಡೆ ಬರೀ ತೂರಿಸಿ ಬಿಟ್ಟಿರುತ್ತಾರೆ. ತಣ್ಣನೆ ನೀರು ಹರಿಯುವ ಪೈಪೂ ಹೊರಗಡೆ ಬೆವರುತ್ತದೆ, ಆದ್ದರಿಂದ ನೈಟ್ರೈಲ್ ರಬ್ಬರ್ ಹೊದಿಕೆ ಬೇಕು. ತಾಮ್ರದ ಪೈಪಿನ ಹೊದಿಕೆ ಹರಿದಿದ್ದರೆ ಅದನ್ನೂ ಸರಿಪಡಿಸಿ. ಬೋರ್ಡ್ ತೆಗೆಯದೆ ಪೈಪ್ ಕೈಗೆ ಸಿಗುವುದಿಲ್ಲ, ಆದ್ದರಿಂದ ಈಗ ಎಸಿ ಬಂದ್ ಮಾಡಿ ದಿನ ಗೊತ್ತುಮಾಡಿ, ತೆಗೆದ ಮರುದಿನ ಮೆಕ್ಯಾನಿಕ್ ಬರಲಿ.

ತೆಗೆಯುವ ದಿನ ಅಮ್ಮ ಬೇರೆ ಮನೆಯಲ್ಲಿರಲಿ. ಹಾಲ್‌ನ ಸಾಮಾನು ಹೊರಗೆ. ಬೇರೆ ಕೋಣೆಯ ಬಾಗಿಲುಗಳಿಗೆಲ್ಲ ನೆಲದಿಂದ ಮೇಲಿನವರೆಗೆ 600 ಗೇಜ್ ಪಾಲಿಥಿನ್, ಅಂದರೆ 150 ಮೈಕ್ರಾನ್. ಅದಕ್ಕಿಂತ ತೆಳ್ಳಗಿನದು ಫ್ಯಾನಿನ ಎಳೆತಕ್ಕೆ ಹರಿಯುತ್ತದೆ. ಬಾಲ್ಕನಿಯ ಕಡೆ ಗಾಳಿ ಹೊರಗೆ ತಳ್ಳುವ ಎಕ್ಸಾಸ್ಟ್ ಫ್ಯಾನ್, ಹೆಪಾ ಫಿಲ್ಟರಿನ (ಅತಿ ಸಣ್ಣ ಕಣವನ್ನೂ ಹಿಡಿಯುವ) ಏರ್ ಸ್ಕ್ರಬರ್, ಅಂದರೆ ಗಾಳಿ ಸೋಸುವ ಯಂತ್ರ, ಇದ್ದರೆ ಇನ್ನೂ ಉತ್ತಮ. ಪಾಲಿಥಿನ್ ಹಾಲ್‌ನ ಒಳಮುಖವಾಗಿ ಉಬ್ಬಬೇಕು, ಆಗ ಗಾಳಿ ಸರಿಯಾದ ದಿಕ್ಕಿಗೆ ಹೋಗುತ್ತಿದೆ ಎಂದರ್ಥ. ಬೋರ್ಡಿಗೆ ನೀರು ಸಿಂಪಡಿಸಿ ನೆನೆಸಿ, ಕಾಣುವ ಬೂಷ್ಟಿಗಿಂತ ಎಲ್ಲ ಕಡೆ ಒಂದು ಅಡಿ ಹೆಚ್ಚಿಗೆ ಕತ್ತರಿಸಿ, ತುಂಡುಗಳನ್ನು ಅಲ್ಲೇ ದಪ್ಪ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಚೀಲದ ಹೊರಗೆ ಒರೆಸಿ ಆಮೇಲೆ ಲಿಫ್ಟಿಗೆ. ಮೇಲಿನ ಸ್ಲ್ಯಾಬು, ಬೋರ್ಡ್ ಹಿಡಿದಿರುವ ಜಿಐ ತಗಡಿನ ಚಾನೆಲ್, ಗೋಡೆ, ನೆಲ, ಎಲ್ಲಕ್ಕೂ ಹೆಪಾ ವ್ಯಾಕ್ಯೂಮ್, ಆಮೇಲೆ ಸೋಪಿನ ನೀರಿನ ಬಟ್ಟೆ. ಫಾಗಿಂಗ್ ಬೇಕಾದರೆ ಇದೆಲ್ಲ ಮುಗಿದ ಮೇಲೆ ಮಾಡಿಕೊಳ್ಳಲಿ, ಬದಲಿಗೆ ಅಲ್ಲ.

ತಕ್ಷಣ ಹೊಸ ಬೋರ್ಡ್ ಹಾಕಿಸಬೇಡಿ. ಎಸಿಯ ಡ್ರೈನ್ ಟ್ರೇಗೆ ನಿಧಾನವಾಗಿ ಎರಡು ಲೀಟರ್ ನೀರು ಸುರಿದು ಪೈಪಿನುದ್ದಕ್ಕೂ ಟಿಶ್ಯೂ ಕಾಗದ ಒತ್ತಿ ನೋಡಿ, ಆಮೇಲೆ ಎಸಿ ನಾಲ್ಕೈದು ದಿನ ಓಡಲಿ. ತೊಟ್ಟು ನೀರೂ ಇಲ್ಲ ಎಂದಾದ ಮೇಲೆ ಬೋರ್ಡು, ಜೊತೆಗೆ ಪೈಪಿನ ಜಾಯಿಂಟ್ ಕೆಳಗೆ ತೆರೆಯಲು ಬರುವಂತೆ ಒಂದೂವರೆ ಅಡಿಯ ಟ್ರ್ಯಾಪ್‌ಡೋರ್. ತೇವ ತಡೆಯುವ ಹಸಿರು ಬೋರ್ಡ್ ಹಾಕಿದರೆ ಸೋರಿಕೆ ಸಹಿಸುತ್ತದೆ ಎಂದು ನಂಬಬೇಡಿ, ಅದು ತೇವ ತಡೆಯಬಲ್ಲದೇ ಹೊರತು ನೀರನ್ನಲ್ಲ.

ಇದೇ ನೆಪದಲ್ಲಿ ಎಸಿಯ ಒಳಘಟಕದ ಮೂತಿಗೆ ಟಾರ್ಚ್ ಹಾಕಿ ಬ್ಲೋವರ್ ನೋಡಿ. ಅದರ ರೆಕ್ಕೆಯಲ್ಲಿ ಕಪ್ಪು ಕೆನೆಯಂತೆ ಕೂತಿದ್ದರೆ ಫಿಲ್ಟರ್ ತೊಳೆದು ಪ್ರಯೋಜನವಿಲ್ಲ, ಚೀಲ ಕಟ್ಟಿ ಜೆಟ್ ಪಂಪಿನಿಂದ ತೊಳೆಯುವವರು ಬೇಕು.

---

ನಹಾನಿ ಟ್ರ್ಯಾಪ್ ಉತ್ತರ:

ಮೂರನೆಯದಕ್ಕೆ ನಾನು ಸೇರಿಸುತ್ತೇನೆ. ಫ್ಲ್ಯಾಟಿನ ಬಾತ್‌ರೂಮ್ ಹೆಚ್ಚಾಗಿ ತಗ್ಗು ಸ್ಲ್ಯಾಬಿನ ಮೇಲೆ ಕೂತಿರುತ್ತದೆ. ಆ 8ರಿಂದ 12 ಇಂಚಿನ ತಗ್ಗಿಗೆ ಇಟ್ಟಿಗೆ ಚೂರು ತುಂಬಿ ಮೇಲೆ ಟೈಲ್ಸ್. ಟೈಲ್ಸ್ ಸಂದಿನಿಂದ ಇಳಿದ ನೀರು ಅಲ್ಲಿ ಕೆರೆ ಕಟ್ಟುತ್ತದೆ, ಹೋಗಲು ದಾರಿಯಿಲ್ಲದೆ ಪಕ್ಕದ ಗೋಡೆಯೊಳಗೆ ಹೀರಿಕೊಂಡು ಮೇಲೇರುತ್ತದೆ. ಅದಕ್ಕೇ ಕಲೆ ಸ್ಕರ್ಟಿಂಗ್ ಎತ್ತರದಲ್ಲಿ. ಬೆಡ್‌ರೂಮಿನ ಕಡೆಯಿಂದ ಯಾವ ಕೋಟಿಂಗ್ ಬಳಿದರೂ ನೀರು ಅದನ್ನು ಹಿಂದಿನಿಂದ ತಳ್ಳಿ ಉದುರಿಸುತ್ತದೆ, ಇಲ್ಲವೇ ಪಕ್ಕಕ್ಕೆ ಸರಿದು ಬಾಗಿಲ ಚೌಕಟ್ಟು ಹಿಡಿಯುತ್ತದೆ.

ಖಚಿತ ಮಾಡಿಕೊಳ್ಳಲು: ನಹಾನಿ ಟ್ರ್ಯಾಪಿನ ಬಾಯಿ ಮುಚ್ಚಿ, ಹೊಸ್ತಿಲ ಹತ್ತಿರ ಸಿಮೆಂಟಿನ ಚಿಕ್ಕ ಕಟ್ಟೆ ಕಟ್ಟಿ, ಒಂದು ಇಂಚು ನೀರು ನಿಲ್ಲಿಸಿ, ಅಡುಗೆ ಬಣ್ಣ ಬೆರೆಸಿ 24 ಗಂಟೆ. ಕೆಳಗಿನ ಮನೆಯವರಿಗೆ ಮೊದಲೇ ಹೇಳಿ, ಅವರ ಚಾವಣಿಯಲ್ಲೂ ನೋಡಬೇಕಾಗುತ್ತದೆ. ಬಣ್ಣ ತೋರದಿದ್ದರೂ ನೀರಿನ ಮಟ್ಟ ಬೆರಳಷ್ಟು ಇಳಿದಿದ್ದರೆ ಉತ್ತರ ಸಿಕ್ಕಂತೆ.

ಮೊದಲ ಪ್ರಯತ್ನ ಅಗ್ಗದ್ದೇ ಆಗಲಿ. ಟೈಲ್ಸ್ ಸಂದಿನ ಹಳೇ ಸಿಮೆಂಟ್ ಗ್ರೌಟ್ ಅನ್ನು 3–4 ಮಿ.ಮೀ. ಆಳಕ್ಕೆ ಕೆರೆದು, ಎರಡು ದಿನ ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿ. ಟ್ರ್ಯಾಪಿನ ಸುತ್ತ, ಕಮೋಡಿನ ಬುಡ, ಗೋಡೆ ನೆಲ ಸೇರುವ ಮೂಲೆ ಬಿಡಬೇಡಿ. ಒಂದು ಸಲಕ್ಕೆ ಸ್ವಲ್ಪವೇ ಕಲಸಿ, ಕಲಸಿದ ಮೇಲೆ ಬೇಗ ಗಟ್ಟಿಯಾಗುತ್ತದೆ. ಇದರಿಂದ ನಿಲ್ಲದಿದ್ದರೆ ಟೈಲ್ಸ್ ಕಿತ್ತು, ತುಂಬಿದ್ದನ್ನೆಲ್ಲ ತೆಗೆದು, ತಗ್ಗಿನ ತಳಕ್ಕೂ ಗೋಡೆಯ ಬದಿಗೂ ವಾಟರ್‌ಪ್ರೂಫಿಂಗ್ ಹೊಸದಾಗಿ ಮಾಡಿಸಬೇಕು.

ಆದರೆ ಗ್ರೌಟ್ ಕೂಡ ಕೆರೆಯುವ ಮೊದಲು ಒಂದು ಕೆಲಸ. ಕೀಲಿ ಸಿಕ್ಕಿ ಐದು ವರ್ಷ ತುಂಬಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ 2016ರ ಸೆಕ್ಷನ್ 14(3)ರ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆ, ಕೆಲಸಗಾರಿಕೆ, ಗುಣಮಟ್ಟದ ದೋಷ ಗಮನಕ್ಕೆ ತಂದರೆ ಬಿಲ್ಡರ್ 30 ದಿನದೊಳಗೆ ಹಣ ಪಡೆಯದೆ ಸರಿಮಾಡಬೇಕು. ಪೆನ್ಸಿಲ್ ಗೆರೆ, ತಾರೀಖು ಸಮೇತ ಫೋಟೊ, ನೀರು ನಿಲ್ಲಿಸಿದ ಪರೀಕ್ಷೆಯ ವಿಡಿಯೊ ಲಗತ್ತಿಸಿ ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಪೈಂಟ್ ಹೊಡೆದರೆ ಸಾಕ್ಷಿಯೇ ಮಾಯ. ಎಸಿ ಪೈಪಿನ ಕೆಲಸ ನೀವು ಹೊರಗಿನವರಿಂದ ಮಾಡಿಸಿದ್ದಾದರೆ ಅದನ್ನು ಇದರ ಜೊತೆ ಬೆರೆಸಬೇಡಿ, ಅದೊಂದೇ ನೆಪವಾಗಿ ಇಡೀ ಪತ್ರವನ್ನು ತಳ್ಳಿಹಾಕುತ್ತಾರೆ.

---

ಮಲ್ನಾಡ್ ಮನೆ ಉತ್ತರ:

ಹೆಂಚಿನ ಮನೆಯವರಿಗೂ ಒಂದು ಮಾತು ಹೇಳಿ. ಇಲ್ಲಿ ಹೆಂಚಿನಡಿಯ ಮರದ ರೀಪು, ಪಕಾಸಿಯ ಮೇಲೆ ಬಿಳಿ ಹತ್ತಿಯ ಹಾಗೆ ಬರುತ್ತೆ.

---

ಗಾರೆಕೋಲು ಉತ್ತರ:

ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ, ಮುಖ್ಯವಾಗಿ ಗೋಡೆಯ ಮೇಲೆ ಕೂತ ತುದಿಯಲ್ಲಿ. ಗಟ್ಟಿಯಿದ್ದರೆ ಒಡೆದ ಹೆಂಚು ಬದಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ. ತುದಿ ಬೆಣ್ಣೆಗಿಳಿದ ಹಾಗೆ ಇಳಿದರೆ ಮರ ಕೊಳೆತಿದೆ, ಬೂಷ್ಟು ತೆಗೆಯುವವರಲ್ಲ, ಬಡಗಿ ಬರಬೇಕು. ಆರ್‌ಸಿಸಿ ಮನೆಯಲ್ಲೂ ಹಾಗೇ: ಚಾವಣಿಯ ಕಾಂಕ್ರೀಟ್ ಚಕ್ಕೆ ಎದ್ದು ತುಕ್ಕು ಹಿಡಿದ ಕಂಬಿ ಕಂಡರೆ ಬೂಷ್ಟನ್ನು ಮರೆತು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಫೋನ್ ಮಾಡಿ. ಸ್ವಿಚ್‌ಬೋರ್ಡಿನ ಸುತ್ತ ಒದ್ದೆಯಿದ್ದರೆ ಮೊದಲು ಎಂಸಿಬಿ, ಆಮೇಲೆ ಎಲೆಕ್ಟ್ರಿಷಿಯನ್.

ಚರಂಡಿ ನೀರು ಮನೆಯೊಳಗೆ ನುಗ್ಗಿದ್ದರೆ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ನುಗ್ಗಿದಂತೆ, ಅಳತೆಯ ಲೆಕ್ಕವೇ ಇಲ್ಲ. ಹಾಸಿಗೆ, ಸೋಫಾ, ಪಾರ್ಟಿಕಲ್ ಬೋರ್ಡಿನ ಕಪಾಟು ಎಸೆಯಿರಿ, ಉಳಿದದ್ದನ್ನು ತೊಳೆಯಲು ಜನ ಕರೆಸಿ. ಶುದ್ಧ ನೀರಿನಲ್ಲಿ ನೆನೆದ ವಸ್ತುವಿಗೆ 24ರಿಂದ 48 ಗಂಟೆ ಸಮಯವಿದೆ. ಅಷ್ಟರೊಳಗೆ ಒಣಗಿದರೆ ಸಾಮಾನ್ಯವಾಗಿ ಬೂಷ್ಟು ಬರುವುದಿಲ್ಲ.

---

ಕಡಲತಡಿ ಮತ್ತೆ:

ಬಿಲ್ಡರ್‌ಗೆ ಪತ್ರ ಹೋಯಿತು. ಒಂದನೆಯ ಗೋಡೆ ಒರೆಸಿಯಾಯಿತು, ತೆಳುವಾದ ಬೂದು ನೆರಳು ಉಳಿದಿದೆ. ಅದಕ್ಕೆ ಈಗಲೇ ಪೈಂಟ್ ಹೊಡೆಯಬಹುದೇ?

---

ತೇವಮಾಪಕ ಉತ್ತರ:

ನೆರಳು ಕಲೆಯಷ್ಟೇ, ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆಗೆ ಏನೂ ಅಂಟದಿದ್ದರೆ ಬಿಟ್ಟುಬಿಡಿ. ಪೈಂಟ್ ದೀಪಾವಳಿ ಕಳೆದ ಮೇಲೆ. ಮೂರನೆಯ ಗೋಡೆಗೆ ಇನ್ನೂ ತಡ: ನೀರು ನಿಂತ ಮೇಲೆ ಸಡಿಲ ಪುಟ್ಟಿ, ಗಾರೆ ಕೆರೆದು ಬಯಲು ಬಿಡಿ, ಒಣಗಲು ತಿಂಗಳುಗಳೇ ಬೇಕು. ಫೆಬ್ರುವರಿಯಲ್ಲಿ ನೋಡಿ. ಪಿನ್ ಚುಚ್ಚುವ ಮಾಯಿಶ್ಚರ್ ಮೀಟರ್ ಇದ್ದರೆ ಅದರ ಶೇಕಡ ಅಂಕೆಯನ್ನು ನಂಬಬೇಡಿ, ಅದು ಮರಕ್ಕೆ ಹೊಂದಿಸಿದ್ದು, ಗೋಡೆಯ ಉಪ್ಪಿಗೂ ಜಾಸ್ತಿ ತೋರಿಸುತ್ತದೆ. ಮನೆಯ ಒಣಗೋಡೆಯೊಂದರಲ್ಲಿ ಚುಚ್ಚಿ, ಆ ಅಂಕೆಗೆ ಹೋಲಿಸಿ. ಮೀಟರ್ ಇಲ್ಲದಿದ್ದರೆ ಅದೇ ಫಾಯಿಲ್ ಇನ್ನೊಮ್ಮೆ ಅಂಟಿಸಿ, ಈ ಸಲ ಎರಡು ದಿನ.